ಹದಿನೆಂಟನೆಯ ದಿನದ ನಡುಕ

ಬಿಳೂರ, ತಾ. ಜತ್ತ
೧೫ ನವೆಂಬರ್ ೨೦೨೫

ಪ್ರೀತಿಯ ಸೋನಾಲಿ,

ಅಪ್ಪನ ಆಶೀರ್ವಾದ. ಮೈಯಲ್ಲಿ ಈಗ ಹೇಗಿದೆ? ಸೊಂಟದ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಅಳಿಯ ಸಿದ್ದಾರೂಢರು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಜೋಳ ಮೊಣಕಾಲೆತ್ತರ ಬಂದಿದೆ. ನನ್ನ ಹಿಂದಿನ ಎರಡು ಪತ್ರಗಳು ಒಡೆಯದೆ ತಿರುಗಿ ಬಂದವು. ಎರಡನೆಯದನ್ನು ಕೊಡುವಾಗ ಪೋಸ್ಟಿನ ದಶರಥ ನನ್ನ ಮುಖ ನೋಡಲಿಲ್ಲ. ಇದೂ ಹಾಗೆಯೇ ಬರಬಹುದು. ಆದರೂ ಬರೆಯುತ್ತೇನೆ. ನೀನು ಫೋನಿನಲ್ಲಿ ಮಾತಾಡಿದರೂ ನನಗೆ ಕೇಳುವುದಿಲ್ಲವಲ್ಲ. ಮೂವತ್ತು ವರ್ಷದಲ್ಲಿ ನಮ್ಮ ಹಿಟ್ಟಿನ ಗಿರಣಿ ಜೋಳದ ಜೊತೆ ನನ್ನ ಕಿವಿಯನ್ನೂ ಬೀಸಿ ಹಾಕಿದೆ.

ನಿನಗೆ ಹೇಳದ ಒಂದು ಸಂಗತಿ ಇದೆ. ಕಿಲ್ಲಾರಿಯಲ್ಲಿ ಭೂಕಂಪವಾದಾಗ ನನಗೆ ಇಪ್ಪತ್ತೆರಡು ವರ್ಷ. ಊರವರ ಜೊತೆ ರೊಟ್ಟಿಯ ಗಂಟು ಹೊತ್ತು ಟ್ರಕ್ಕಿನಲ್ಲಿ ಹೋಗಿದ್ದೆ. ಕಲ್ಲು ಎತ್ತುತ್ತಿದ್ದಾಗ ಒಂದು ಮನೆಯಲ್ಲಿ ತೊಟ್ಟಿಲು ಸಿಕ್ಕಿತು. ನಮ್ಮದೂ ಅಂಥದೇ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಂದಿನಿಂದ ನಾನು ನೆಲವನ್ನು ನಂಬಲಿಲ್ಲ. ಕಿವಿ ಹೋದಮೇಲೆ ಗಿರಣಿಯ ಗುಣದೋಷವನ್ನೆಲ್ಲ ಅಂಗಾಲಿನಿಂದಲೇ ತಿಳಿಯುತ್ತಿದ್ದೆನಲ್ಲ, ಹಾಗೆಯೇ ನೆಲದ ನಡುಕವನ್ನೂ ತಿಳಿಯುತ್ತೇನೆಂದು ಬಗೆದೆ. ಟೀವಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತದ ಸುದ್ದಿ ಬಂದರೆ ವಹಿಯಲ್ಲಿ ತಾರೀಖು ಬರೆದೆ. ಅಂಗಾಲು ಝುಂ ಎಂದರೆ ಅದನ್ನೂ ಬರೆದೆ. ಆರು ವರ್ಷದಲ್ಲಿ ಏಳು ಸಲ, ಇಲ್ಲಿ ಗಾಳಿಮಳೆ ನಿಂತ ಹದಿನೆಂಟನೆಯ ದಿನದ ಆಸುಪಾಸಿಗೇ ನೆಲ ನಡುಗಿತ್ತು. ಸಮುದ್ರದ ಗಾಳಿ ಭೂಮಿಯ ಹೊಟ್ಟೆಯನ್ನು ಒತ್ತುತ್ತದೆ ಎಂದು ನನ್ನಷ್ಟಕ್ಕೆ ತರ್ಕ ಕಟ್ಟಿದೆ. ವಹಿ ಹಿಡಿದು ಜತ್ತಿನ ಕಚೇರಿಗೆ ಹೋದರೆ ಒಬ್ಬ ಸಾಹೇಬರು ಚಹಾ ಕುಡಿಸಿ ಕಳಿಸಿದರು. ನಾನು ಅದನ್ನೇ ಮನ್ನಣೆ ಎಂದುಕೊಂಡೆ. “ಭೂಕಂಪದ ಸಾಹೇಬ್ರು ಬಂದ್ರು” ಎಂದು ನಿನ್ನ ಅವ್ವ ಚೇಷ್ಟೆ ಮಾಡುತ್ತಿದ್ದಳು. ಈಗ ಅವಳು ನಗುವುದನ್ನೇ ಬಿಟ್ಟಿದ್ದಾಳೆ.

ಜೂನಿನಲ್ಲಿ, ಆ ಹದಿನೆಂಟನೆಯ ದಿನ ಬಂದಾಗ ನಿನ್ನ ಕೂಸಿಗೆ ಒಂಬತ್ತು ದಿನ. ಮಧ್ಯಾಹ್ನ ಗಿರಣಿ ಬಂದ್ ಇತ್ತು, ಆದರೂ ಅಂಗಾಲು ಝುಂ ಎಂದಿತು. ಇದು ಮುನ್ಸೂಚನೆ, ದೊಡ್ಡದು ಹಿಂದೆಯೇ ಬರುತ್ತದೆ ಎಂದುಕೊಂಡೆ. ನೆಲ ನಡುಗಿತೆಂದು ಹೇಳಿದರೆ ನೀವು ಹೆದರುತ್ತೀರಿ ಎಂದು ಹೇಳಲಿಲ್ಲ. ವಹಿಯ ಪ್ರಕಾರ ಇವತ್ತಿನಿಂದ ಮೂರು ದಿನ ಗಂಡಾಂತರ ಎಂದಷ್ಟೇ ಹೇಳಿದೆ. ಕುಳ್ಳಿನ ಕೆಂಡದ ಬಿಸಿಯಲ್ಲಿದ್ದ ಬಾಣಂತಿಯನ್ನು, ಒಂಬತ್ತು ದಿನದ ಕೂಸನ್ನು ಬೇವಿನ ಗಿಡದ ಕೆಳಗೆ ತಾಡಪತ್ರಿ ಕಟ್ಟಿ ಮಲಗಿಸಿದೆ. “ಅಪ್ಪಾ, ಗಾಳಿ ಭಾಳ ಐತಿ” ಎಂದು ನೀನು ಹೇಳಿದ್ದನ್ನು ತುಟಿ ನೋಡಿ ತಿಳಿದೆ. ತಿಳಿದೂ ತಾಡಪತ್ರಿಯ ಹಗ್ಗವನ್ನಷ್ಟೇ ಬಿಗಿದೆ. ನೆಲ ಮತ್ತೆ ಅಲುಗಲಿಲ್ಲ. ಮೂರನೆಯ ದಿನ ಕೂಸಿನ ಎದೆ ಗೊರಗುಟ್ಟತೊಡಗಿತು, ಮಿರಜಿನ ದವಾಖಾನೆಯ ದಾರಿಯಲ್ಲಿ ಜೀಪಿನಲ್ಲೇ ಉಸಿರು ನಿಂತುಹೋಯಿತು. ಮರುದಿನ ಹೆಸರಿಡುವುದಿತ್ತು. ಹೆಸರಿಲ್ಲದ ಕೂಸನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಇಷ್ಟು ದಿನ ನನಗೆ ಒಂದೇ ಆಸರೆ ಇತ್ತು. ದೊಡ್ಡದು ಬರಲಿಲ್ಲ, ಆದರೆ ಅಂದು ನೆಲ ನಡುಗಿದ್ದಂತೂ ನಿಜ ಎಂದು. ಹೋದ ಸೋಮವಾರ ಡಫಳಾಪುರದ ತಾನಾಜಿ ಹಿಟ್ಟು ಬೀಸಿಸಲು ಬಂದಿದ್ದ. ಬಾವಿ ತೋಡುವಾಗ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸುರಂಗ ಹಾರಿಸುವ ಕೆಲಸ ಅವನದು. ಹಲಗೆಯ ಮೇಲಿದ್ದ ವಹಿ ತಿರುವಿ ನನ್ನ ಮುಖದೆದುರು ಬಂದು ಕೂಗಿದ, ತುಟಿ ನೋಡಿ ತಿಳಿದೆ: “ಕಾಕಾ, ಇವು ನಮ್ಮ ಸುರಂಗ ಹಾರಿಸಿದ ತಾರೀಖು ಅಲ್ರಿ? ನೀವ್ಯಾಕ ಬರದೀರಿ?” ಗಾಳಿಮಳೆಯಾದರೆ ತೋಡಿದ ಬಾವಿಗೆ ನೀರು ತುಂಬುತ್ತದಂತೆ. ನೀರು ಎತ್ತಿ, ರಾಡಿ ಬಳಿದು, ಬಂಡೆಗೆ ಮತ್ತೆ ತೂತು ಹಾಕುವಷ್ಟರಲ್ಲಿ ಹದಿನೇಳು ಹದಿನೆಂಟು ದಿನ ಹಿಡಿಯುತ್ತದಂತೆ. ಜೂನಿನಲ್ಲಿ ಹಾರಿಸಿದ್ದು ನಮ್ಮ ಹೊಲದಾಚೆಯ ಗುರುಸಿದ್ದನ ಬಾವಿಯಲ್ಲಿ. ಆ ಸದ್ದು ಊರಿಗೆಲ್ಲ ಕೇಳಿತ್ತು, ನಿನಗೂ ಕೇಳಿರಬೇಕು. ಇಂಥ ಸದ್ದನ್ನು ಕಿವುಡನಿಗೆ ಹೇಳಬೇಕೆಂದು ಯಾರಿಗೆ ಹೊಳೆಯಬೇಕು? ನಾನೇ ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ, ಸೊಕ್ಕು.

ವಹಿಯನ್ನು ಸುಡಬೇಕೆಂದು ಎತ್ತಿಕೊಂಡೆ, ಆಗಲಿಲ್ಲ. ಕೂಸು ಹುಟ್ಟಿದ ವೇಳೆಯನ್ನು ಅದರ ಕೊನೆಯ ಪುಟದಲ್ಲಿ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಅದನ್ನು ಬೇರೆ ಎಲ್ಲೂ ಬರೆದಿಲ್ಲ.

ನಿನ್ನ ಮಡಿಲು ಮತ್ತೆ ತುಂಬಲಿ ಎನ್ನಲು ನನಗೆ ಬಾಯಿಲ್ಲ. ನೀನು ಗಟ್ಟಿಯಾಗಿರು ಮಗಳೇ. ಅಳಿಯಂದಿರಿಗೂ ಬೀಗರಿಗೂ ನನ್ನ ಶರಣು ತಿಳಿಸು.

ನಿನ್ನ ಅಪ್ಪ,
ಮಲ್ಲಿನಾಥ

ತಾ.ಕ.: ದಶರಥ ಚೀಲ ಕಟ್ಟುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂದು ಹೊರಗೆ ಬರುವ ಮುಂಚೆ “ಅವ್ವ ಒಪ್ಪ್ಯಾಳೇನು?” ಎಂದು ಕೇಳಿದೆಯಲ್ಲ, ನಾನು ಹೂಂ ಎಂದೆನಲ್ಲ, ಅದು ಸುಳ್ಳು. ಅವಳು ಗಿರಣಿಯೊಳಗೆ ನನ್ನ ಕಾಲು ಹಿಡಿದಿದ್ದಳು. “ಬಾಣಂತಿನ್ನ ಗಾಳಿಗೆ ಹಾಕಬ್ಯಾಡ್ರಿ” ಎಂದು ಅತ್ತಳು. “ಮಾಳಿಗಿ ಬಿದ್ರ ಪಾಪ ನಿನ್ನ ತಲಿಗೆ” ಎಂದು ಅವಳ ಬಾಯಿ ಮುಚ್ಚಿಸಿದೆ. ಅವ್ವ ಜೊತೆಗಿಲ್ಲದ ಆ ಜೀಪಿನಲ್ಲಿ ನಿನ್ನ ತುಟಿ ನೋಡಿದ್ದೆ: “ಅವ್ವನಾದ್ರೂ ಬ್ಯಾಡ ಅನ್ನಬೇಕಿತ್ತು.” ಅವಳು ಅಂದಿದ್ದಳು. ಮಗಳು ಯಾಕೆ ಫೋನ್ ಎತ್ತುವುದಿಲ್ಲವೆಂದು ಅವಳಿಗೆ ಇನ್ನೂ ಗೊತ್ತಿಲ್ಲ, ಹೇಳುವ ಧೈರ್ಯ ನನಗಿಲ್ಲ. ದಿನಾ ಸಂಜೆ ನಿನ್ನ ನಂಬರ್ ಹಚ್ಚಿ ಫೋನನ್ನು ಕಿವಿಗಿಟ್ಟುಕೊಂಡು ಕೂತಿರುತ್ತಾಳೆ. ಒಮ್ಮೆ ಎತ್ತು. ನನ್ನನ್ನು ಎಷ್ಟು ಬೈದರೂ ಬೈಯಿ, ನಾನು ಪಕ್ಕದಲ್ಲೇ ಇದ್ದರೂ ನನಗೆ ಕೇಳುವುದಿಲ್ಲ.