ಕಿಂಕೇಡ್ ಮನೆಯ ಸೀಸದ ಬಿಲ್ಲೆ

ಎರಡನೆಯ ಬಿಸಿಗಾಲದ ಐವತ್ತನೆಯ ದಿನ. ನಿಮ್ಮ ಲೆಕ್ಕದಲ್ಲಿ ಜುಲೈ ಮೂರು, ಇಸವಿ 2276.

ಅಗ್ನೆಸ್ ಅಜ್ಜಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಪೈಕಿ ಒಬ್ಬಳಾದ ಇಶ್ಬೆಲ್ ಕಿಂಕೇಡ್ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ದಿನಗಳಿಗೆ ಕಾಗದ ಮುಟ್ಟಿಸುವ ಅಂಚೆಗೆ ನಾವಿಟ್ಟ ಹೆಸರು ಅದು. ಒಂದು ಮನೆತನಕ್ಕೆ ಒಂದೇ ಕಾಗದ. ಅಪ್ಪ ಅದನ್ನು ಯಾವುದಾದರೂ ದೊಡ್ಡ ಕಷ್ಟಕ್ಕಿರಲಿ ಎಂದು ಉಳಿಸಿದ್ದರು. ಇವತ್ತು ನಾನು ಬಳಸುತ್ತಿದ್ದೇನೆ.

ನಮ್ಮ ಕಣಿವೆ ಇನ್ನೂ ಇದೆ. ಜೋಳದ ಹೊಲಗಳ ಮೇಲೆ ನೆರಳುಬಟ್ಟೆ ಕಟ್ಟುತ್ತೇವೆ, ಇಲ್ಲದಿದ್ದರೆ ಬೆಳಿಗ್ಗೆ ಹತ್ತಕ್ಕೇ ತೆನೆ ಸೀದುಹೋಗುತ್ತದೆ. ಹೊಳೆಯಲ್ಲಿ ನೀರಿರುವುದು ವರ್ಷಕ್ಕೆ ನಾಲ್ಕೇ ತಿಂಗಳು. ಚರ್ಚಿನ ಗಂಟೆ ಮಾತ್ರ ಅದೇ, ನಮ್ಮವರ ಹಟವೂ ಅದೇ. ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ, ಅಲ್ಲಿಂದ ಹಡಗು ಹತ್ತಿ ಅಮೆರಿಕದ ಈ ಬೆಟ್ಟಗಳಿಗೆ ಬಂದವರ ಸಂತಾನ ನಾವು. ದೊರೆಗೂ ತಲೆಬಾಗಲಿಲ್ಲ, ಒಬ್ಬರನ್ನೊಬ್ಬರು ಸುಲಭಕ್ಕೆ ಕ್ಷಮಿಸುವವರೂ ಅಲ್ಲ.

ನಾಳೆ ಸ್ವಾತಂತ್ರ್ಯದ ಐನೂರನೆಯ ವರ್ಷ. ನಿಮ್ಮ ಇನ್ನೂರೈವತ್ತನೆಯ ವರ್ಷದಲ್ಲಿ ಚರ್ಚಿನಲ್ಲಿ ಎಲ್ಲರೆದುರು ತೆರೆದ ಮನೆಮನೆಯ ಬಿಲ್ಲೆ ಪೆಟ್ಟಿಗೆಗಳನ್ನು ಮತ್ತೆ ತೆರೆಯುವುದು ನಾಳೆಯೇ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಮೇಜಿಗೆ ಕೂರಲು ಪಾದ್ರಿ ಒಬ್ಬೊಬ್ಬರಿಗೂ ಕೊಡುತ್ತಿದ್ದ ಸೀಸದ ಬಿಲ್ಲೆಗಳನ್ನು ಸ್ವಾತಂತ್ರ್ಯ ಯುದ್ಧದ ದಿನಗಳಲ್ಲಿ ನಮ್ಮ ಹೆಂಗಸರು ಕರಗಿಸಿ ಗುಂಡು ಎರಕ ಹೊಯ್ದರಲ್ಲ, ಅಂದಿನಿಂದ ಬಿಲ್ಲೆಯ ಪೆಟ್ಟಿಗೆ ಬರಿದಾಗಿರುವುದೇ ಮನೆತನದ ಮರ್ಯಾದೆ. ಬರಿದಾದ ಪೆಟ್ಟಿಗೆ ತೋರಿಸಿದ ಮನೆಯ ಹುತಾತ್ಮನ ಹೆಸರನ್ನಷ್ಟೇ ಓದುತ್ತಾರೆ. ಆ ಯುದ್ಧದಲ್ಲಿ ಮಡಿದ ನಮ್ಮ ಆರ್ಚಿಬಾಲ್ಡನದು ಪಟ್ಟಿಯಲ್ಲಿ ಮೂರನೆಯ ಹೆಸರು.

ಮಧ್ಯಾಹ್ನ ಪೆಟ್ಟಿಗೆಯ ಒಳಬಟ್ಟೆ ಬದಲಿಸಲು ಹೋದೆ. ಬಟ್ಟೆಯ ಅಡಿಯಲ್ಲಿ ಒಂದು ಬಿಲ್ಲೆ, ಜೊತೆಗೆ ನಿಮ್ಮ ಚೀಟಿ: "ಆರ್ಚಿಬಾಲ್ಡನ ಹೆಂಡತಿ ಜೀನ್ ಇದನ್ನು ಕೊಡಲಿಲ್ಲ. ಮಾನ ಹೋಗುತ್ತದೆಂದು ನಾನೂ ತೋರಿಸಲಿಲ್ಲ. 2026."

ನಿಮ್ಮ ಮೇಲೆ ನನಗೆ ಮೈಯೆಲ್ಲ ಉರಿಯಿತು, ಸುಳ್ಳೇಕೆ ಹೇಳಲಿ. ಆಗ ಮೊರಾಗ್ ಅತ್ತೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಹಿಂಬದಿಯಲ್ಲಿ ಆರ್ಚಿಬಾಲ್ಡನ ಹೆಸರನ್ನು ಸೂಜಿಯಿಂದ ಗೀಚಲಾಗಿತ್ತು.

"ಅಯ್ಯೋ ಹುಡುಗಿ, ಇದು ಗಂಡಂದು ಕಣೇ. ತನ್ನದನ್ನ ಗುಂಡಿಗೆ ಕೊಟ್ಟು ಅವನದನ್ನ ಇಟ್ಕೊಂಡಿದಾಳೆ. ಅವನು ವಾಪಸ್ ಬಂದ್ರೆ ಮೇಜಿಗೆ ಕೂರಿಸ್ಬೇಡ್ವಾ?" ಅಂದಳು.

ಅವನು ಬರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಊರಿನ ಹಿರಿಯರು ಅತ್ತೆಯ ಮಾತನ್ನು ಒಪ್ಪುವ ಪೈಕಿಯಲ್ಲ. ಒಳ್ಳೆಯ ಕಾರಣವಿದ್ದರೆ ನಿಮ್ಮ ಕಾಲದಿಂದ ಇನ್ನೂರೈವತ್ತು ವರ್ಷ ಬಚ್ಚಿಟ್ಟದ್ದೇಕೆ ಎಂದು ಕೇಳುತ್ತಾರೆ. ಪ್ರಾಣ ಕೊಟ್ಟವನ ಹೆಸರನ್ನು ನಾಳೆ ಪಟ್ಟಿಯಿಂದ ಹೊಡೆದುಹಾಕುತ್ತಾರೆ.

ಅಜ್ಜಿ, ಈ ಕಾಗದ ಮುಟ್ಟುವ ಹೊತ್ತಿಗೆ ನಿಮ್ಮ ಪೆಟ್ಟಿಗೆ ತೆರೆಯುವ ದಿನಕ್ಕೆ ಇನ್ನೂ ಹತ್ತು ದಿನ ಇರುತ್ತದೆ. ಬಿಲ್ಲೆಯನ್ನು ಎಲ್ಲರೆದುರು ಮೇಜಿನ ಮೇಲಿಡಿ. ಹಿಂಬದಿ ತಿರುಗಿಸಿ ತೋರಿಸಿ. ಜೀನ್ ಗಂಡನಿಗಾಗಿ ಕಾದಳು ಎಂದು ಹೇಳಿ. ಅದರಲ್ಲಿ ನಾಚುವಂಥದ್ದೇನೂ ಇಲ್ಲ.

ಕಾಗದ ಅಂಚೆಗೆ ಹಾಕಿ ಬಂದು ಪೆಟ್ಟಿಗೆಯ ಮುಂದೆ ಕೂರುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ ನಿಮ್ಮ ಚೀಟಿ ಅದರಲ್ಲಿ ಇರುವುದಿಲ್ಲ. ಇದ್ದರೂ ನಾಳೆ ಎಲ್ಲರೆದುರು ನಾನು ಆ ಒಳಬಟ್ಟೆ ಎತ್ತುತ್ತೇನೆ.

ನಿಮ್ಮ,
ಇಶ್ಬೆಲ್