ಮೂರಕ್ಕೂ ಒಂದೇ ಸದ್ದು

ಜನವರಿ 12, ಬೆಳಿಗ್ಗೆ 6
ಕಂಪನಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಶೂಟಿಂಗ್ ಕ್ಲಬ್ಬಿನ ಹೊಸ ರೈಫಲ್‌ಗೆ ಇವತ್ತು ಮೂರು ಸಪ್ರೆಸರ್‌ಗಳ ಟೆಸ್ಟ್. "ಬೈಕಿನ ಸೈಲೆನ್ಸರ್ ಹಾಗೆಯಾ?" — ಹೆಂಡತಿ ವೈಲೆಟ್. ಹೌದು ಮಾರಾಯ್ತಿ, ಸದ್ದು ಅಡಗಿಸುವುದೇ ಅದರ ಕೆಲಸ. ತೂಕ, ಉದ್ದ, ಗುರಿ, ಡೆಸಿಬಲ್ — ಎಲ್ಲಕ್ಕೂ ಕಾಲಂ. ಕೊನೆಯದು, "ಕಿವಿಗೆ ಹೇಗೆ", ಹತ್ತೊಂಬತ್ತು ವರ್ಷದಿಂದ ನನ್ನದು. "ಹರ್ಬರ್ಟ್ ಕಿವಿ ಹೇಳಿದ ಮೇಲೆ ಖಲಾಸ್, ಮತ್ತೆ ಮಾತಿಲ್ಲ" ಅನ್ನುತ್ತಾರೆ ಮ್ಯಾನೇಜರ್.

ಸಂಜೆ
ನನ್ನ ಸಹಾಯಕ ರೂಬೆನ್ ಗುಂಡು ಹಾರಿಸಿದ. ನಾನು ಕೇಳಿದೆ. ಒಂದನೆಯದು ಹಗುರ, ಆದರೆ ಬೇಗ ಕಾದು, ದುರ್ಬೀನಿನ ಮುಂದೆ ಬಿಸಿಗಾಳಿ ಕುಣಿಯುತ್ತದೆ. ಎರಡನೆಯದು ಭಾರ, ಗುರಿ ಕದಲಲಿಲ್ಲ. ಮೂರನೆಯದು ಗಿಡ್ಡ. ಸದ್ದು? ಮೂರೂ ಒಂದೇ. ರೂಬೆನ್ ನಕ್ಕ. "ಎಂಥ ಸರ್, ಮೂರನೇದು ಎಷ್ಟು ಜೋರುಂಟು!" ಮೀಟರ್ ಕೂಡ ಅವನ ಪರ — ಎಂಟು ಡೆಸಿಬಲ್ ಹೆಚ್ಚು. ಮೀಟರ್ ಇಟ್ಟವನೂ ಅವನೇ… ಹ್ಞೂಂ.

ಜನವರಿ 14
ಎರಡನೆಯದನ್ನು ಮಾರುವ ಏಜೆಂಟ್ ಇಬ್ರಾಹಿಂ ಖಲೀಲ್ ಬಂದಿದ್ದರು. ರೂಬೆನ್ ಜೊತೆ ಚಹಾ. ಪಿಸುಪಿಸು. ನಾನು ಹತ್ತಿರ ಹೋದರೂ ದನಿ ಏರಿಸಲಿಲ್ಲ. ಮೂರನೆಯದನ್ನು ಕೆಡವಲು ಏನೋ ಮಸಲತ್ತು ನಡೆದಿದೆ. ಮನೆಯಲ್ಲೂ ಅದೇ. ವೈಲೆಟ್, ಮಗಳು ಕ್ಲಾರಿಸ್ಸಾ ನನ್ನೆದುರೇ ಪಿಸುಗುಟ್ಟುತ್ತಾರೆ. ಏನೆಂದು ಕೇಳಿದರೆ, "ನಥಿಂಗ್ ಡ್ಯಾಡ್. ಟಿವಿ ಸೌಂಡ್ ಸ್ವಲ್ಪ ಸ್ಲೋ ಮಾಡಿ."

ಜನವರಿ 15
ಮೀಟರ್ ನಾನೇ ಇಟ್ಟೆ. ಅದೇ ಅಂಕಿ. ಹಾಗಾದರೆ ಸೆಟ್ಟಿಂಗ್ ಬದಲಿಸಿದ್ದಾನೆ. ರೂಬೆನ್ ಏಜೆಂಟರ ಕಡೆ ಸೇರಿದ್ದಾನೆಂದು ಬರೆದು ಮ್ಯಾನೇಜರ್ ಕೈಗೇ ಕೊಟ್ಟೆ. ಎಂಟು ವರ್ಷ ಜೊತೆಗೆ ಉಂಡವನು. ಆದರೂ ಕೊಟ್ಟೆ.

ಜನವರಿ 19, ಸಂಜೆ
ಕೊನೆಯ ಟೆಸ್ಟ್ ಮುಗಿಸಿ, ಕಿವಿಯ ಮಫ್ ತೆಗೆದು, ಮೀಟರನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ರೂಬೆನ್ ಓಡಿ ಬಂದ. "ಸರ್, ಅದು ಬೀಪ್ ಬೀಪ್ ಅಂತ ಬೊಬ್ಬೆ ಹೊಡೀತಾ ಉಂಟು, ಆಫ್ ಮಾಡುದಿಲ್ವಾ?"

ಮೀಟರನ್ನು ಕಿವಿಗೆ ಹಿಡಿದೆ. ಏನೂ ಇಲ್ಲ. ಇನ್ನೊಂದು ಕಿವಿಗೆ. ಇಲ್ಲ.

ಅವನು ನನ್ನ ಮುಖ ನೋಡಿದ. ನಗಲಿಲ್ಲ. ತಾನೇ ಆಫ್ ಮಾಡಿದ. "ನಾನು ಯಾರಿಗೂ ಹೇಳುದಿಲ್ಲ ಸರ್" — ತುಟಿ ನೋಡಿ ತಿಳಿಯಿತು.

ಯಾರೂ ಪಿಸುಗುಟ್ಟಿರಲಿಲ್ಲ. ಮೀಟರ್ ಸರಿಯಾಗಿಯೇ ಇತ್ತು. ನಾಚಿಕೆಯಿಂದ ಊಟ ಸೇರಲಿಲ್ಲ.

ಜನವರಿ 20, ಬೆಳಿಗ್ಗೆ 6
ಮ್ಯಾನೇಜರ್ ಮೆಸೇಜು. ರೂಬೆನ್ ಇವತ್ತಿನಿಂದ ಬೇಡವಂತೆ. ಇಕಾಮಾ ಕ್ಯಾನ್ಸಲ್, ಅಂದರೆ ಈ ದೇಶವನ್ನೇ ಬಿಡಬೇಕು. ನಾನು ನಿಜ ಹೇಳಿದರೆ ಅವನು ಉಳಿಯುತ್ತಾನೆ, ನಾನು ಹೋಗುತ್ತೇನೆ. ಕಾಗದ ತೆಗೆದುಕೊಂಡೆ. "ತಪ್ಪು ನನ್ನ ಕಿವಿಯದು" — ಅಲ್ಲಿಗೇ ಪೆನ್ನು ನಿಂತಿದೆ.

ಮೇಜಿನ ಮೇಲೆ ಮೊಬೈಲ್ ನಡುಗುತ್ತಿದೆ. ರೂಬೆನ್.

ಎತ್ತಿದೆ. ಕಿವಿಗೆ ಒತ್ತಿ ಹಿಡಿದಿದ್ದೇನೆ. ಬೈಯುತ್ತಿದ್ದಾನೋ, ಅಳುತ್ತಿದ್ದಾನೋ…