ಅತ್ತೆ ನನ್ನನ್ನು ಕೋಠಿಗೆ ಕರೆದೊಯ್ದರು

ಕಾಚಿಗೂಡ, ಹೈದರಾಬಾದ್
ಶ್ರಾವಣ, ೧೯೮೮

ತಾಯಿಯಂತೆ ನನ್ನನ್ನು ಕಾಯ್ದ ಅತ್ತೆಯವರಿಗೆ, ಸೊಸೆ ಸುಭದ್ರಾ ಮಾಡುವ ನಮಸ್ಕಾರ.

ನೀವು ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತಾಡಲು ನನಗೆ ಯಾರೂ ಇಲ್ಲ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನಿಮ್ಮ ಮಗ ತಾವು ದುಡಿಯುತ್ತಿದ್ದ ಕಾರ್ಖಾನೆಯ ಎದುರು ಬಸ್ಸಿಳಿದು ರಸ್ತೆ ದಾಟುವಾಗ ಲಾರಿ ಹಾಯ್ದು ಸತ್ತರು. ಮುಖ ನೋಡಲು ನನ್ನನ್ನು ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಅದೇ ಕಾರ್ಖಾನೆಯವರು ಅವರ ಬದಲಿಗೆ ನನಗೆ ನೌಕರಿ ಕೊಟ್ಟರು. ಮೊದಲ ದಿನ ಅದೇ ಸ್ಟಾಪಿನಲ್ಲಿ ಇಳಿದೆ. ರಸ್ತೆಗೆ ಕಾಲಿಡಲಾಗಲಿಲ್ಲ. ಉಸಿರು ಕಟ್ಟಿ ಅಲ್ಲೇ ಕುಸಿದೆ. ಯಾರೋ ಆಟೋದಲ್ಲಿ ಮನೆ ಮುಟ್ಟಿಸಿದರು. ಆಮೇಲೆ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಲಿಲ್ಲ, ನೀವು ಕಲಸಿಟ್ಟ ಅನ್ನ ಹಾಗೇ ಒಣಗುತ್ತಿತ್ತು.

ಪಕ್ಕದ ಮನೆಯ ಗಂಗೂಬಾಯಿ, ಗಾಣಗಾಪುರಕ್ಕೆ ಕರೆದೊಯ್ದು ದೆವ್ವ ಬಿಡಿಸಿರಿ ಎಂದರು. ನೀವು ಹೇಳಿದ ಮಾತು ಗೋಡೆಯ ಈಚೆ ಮಲಗಿದ್ದ ನನಗೆ ಕೇಳಿಸಿತು. "ಇಕಿಗೆ ದೆವ್ವ ಬಡದಿಲ್ಲ. ಇಕಿ ಗಂಡ ಸತ್ತಾನ."

ಮರುದಿನ ನನ್ನನ್ನು ಎಬ್ಬಿಸಿ, ಸೀರೆ ಉಡಿಸಿ, ಕೋಠಿಯಲ್ಲಿ ಔಷಧಿ ಅಂಗಡಿಗಳ ಸಾಲಿನ ಮೇಲಿನ ಮಹಡಿಯಲ್ಲಿ ಕೂರುವ ಮನಸ್ಸಿನ ಡಾಕ್ಟರು ಉಷಾ ಅವರಲ್ಲಿಗೆ ಕರೆದೊಯ್ದಿರಿ. ಹುಚ್ಚರ ಡಾಕ್ಟರ ಹತ್ತಿರ ಹೋಗುತ್ತಾರೆಂದು ಬಂಧುಗಳು ಆಡಿಕೊಂಡರು. ನೀವು ಕೇಳಿಸಿಕೊಳ್ಳಲಿಲ್ಲ. ಪ್ರತಿ ಗುರುವಾರ ಹೊರಗೆ ಕೂತು ಜಪ ಮಾಡುತ್ತಿದ್ದಿರಿ.

ಒಳಗೆ ಏನು ನಡೆಯಿತೆಂದು ನೀವು ಎಂದೂ ಕೆದಕಲಿಲ್ಲ. ಈಗ ಹೇಳುತ್ತೇನೆ. ಮೊದಲ ಕೆಲವು ವಾರ ಊಟ, ನಿದ್ದೆಯ ಮಾತಷ್ಟೇ ಆಯಿತು. ಒಮ್ಮೆ, "ನಿಮ್ಮ ಯಜಮಾನರ ಹೆಸರೇನ್ರಿ?" ಎಂದು ಕೇಳಿದರು. ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬಾಯಿಂದ ಆಡಿರಲಿಲ್ಲ. "ಪ್ರಹ್ಲಾದ" ಎಂದೆ. ಎಂದವಳೇ ಅಳತೊಡಗಿದೆ. ಆಮೇಲೆ, ನೋಡಲು ಸಿಗದ ಆ ಮುಖದ ಬಗ್ಗೆಯೇ ಎಷ್ಟೋ ವಾರ ಮಾತಾಡಿದೆ. ದುಃಖ ಹೋಗಲಿಲ್ಲ, ಅತ್ತೆ. ಆದರೆ ಅದನ್ನು ಹೊತ್ತುಕೊಂಡೇ ಎದ್ದು ಸ್ನಾನ ಮಾಡಲು, ಉಣ್ಣಲು ಸಾಧ್ಯವಾಯಿತು.

ಆ ರಸ್ತೆಗೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ಹೋಗಿ ಎಂದು ಡಾಕ್ಟರು ಹೇಳಿದಾಗ ನೀವು ಜೊತೆಗೆ ಬಂದಿರಿ. ಅಂಚಿನಲ್ಲಿ ನನ್ನ ಮೊಣಕೈ ಹಿಡಿದು ನಿಂತಿರಿ. ಲಾರಿಗಳು ಹೋಗುತ್ತಿದ್ದವು. ನಾನು ಒಂದು ಹೆಜ್ಜೆ ಮುಂದಿಟ್ಟೆ, ನೀವು ಇಡಲಿಲ್ಲ. ಅದು ನಿಮ್ಮ ಮಗ ಸತ್ತ ಜಾಗವೂ ಹೌದೆಂದು ನನಗೆ ಆಗ ಹೊಳೆಯಿತು.

ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಿಮ್ಮನ್ನು ಒಳಗೆ ಕರೆದರು. ಬೋಳುತಲೆಯ ಮೇಲೆ ಕೆಂಪು ಸೆರಗು ಎಳೆದುಕೊಂಡು ಕೂತಿರಿ. "ನನಗೂ ಹತ್ತೊಂಬತ್ತು ವರ್ಷದಾಗ ಹಿಂಗಾತು. ಹೊಟ್ಟ್ಯಾಗ ಕೂಸಿತ್ತು. ಹೆತ್ತ ಮ್ಯಾಲೆ ತಲಿ ಬೋಳಿಸಿ ಹಿಂದಿನ ಖೋಲ್ಯಾಗ ಕೂಡಿಸಿದ್ರು. ಏನಾತವ್ವಾ ಅಂತ ಒಬ್ಬರೂ ಕೇಳಲಿಲ್ಲ. ಇಕಿನ್ನರ ಯಾರಾದ್ರೂ ಕೇಳಲಿ ಅಂತ ಕರಕೊಂಡು ಬಂದೆ."

"ಈಗ ನಾ ಕೇಳ್ತೀನಿ, ಹೇಳ್ರಿ" ಎಂದರು ಡಾಕ್ಟರು.

"ಈಗ ಬ್ಯಾಡ್ರಿ. ಇಷ್ಟು ವರ್ಷ ಗಟ್ಟಿ ಮಾಡಿಟ್ಟದ್ದು ಒಡದ್ರ, ಮನ್ಯಾಗ ಅಡಗಿ ಯಾರು ಮಾಡ್ತಾರ?" ಎಂದು ಎದ್ದುಬಿಟ್ಟಿರಿ.

ಕೊನೆಗೆ ಆ ರಸ್ತೆ ದಾಟಿ ನಾನು ನೌಕರಿಗೆ ಹೋಗತೊಡಗಿದೆ. ಈ ಮಳೆಗಾಲದಲ್ಲಿ ನಿಮಗೆ ಜ್ವರ ಬಂತು, ಇಳಿಯಲಿಲ್ಲ. ಒದ್ದೆ ಬಟ್ಟೆಯಿಂದ ನಿಮ್ಮ ತಲೆ ಒರೆಸಲು ಹೋದರೆ ಎರಡೂ ಕೈಯಿಂದ ಮುಚ್ಚಿಕೊಂಡು, "ಬ್ಯಾಡೋ ಅಣ್ಣಾ, ಕೂದಲಾ ಇರಲಿ" ಎಂದಿರಿ. ತಲೆ ಬೋಳಿಸಲು ಬಂದವನಲ್ಲ, ನಾನು ಸುಭದ್ರಾ ಎಂದು ಎಷ್ಟು ಹೇಳಿದರೂ ನಿಮಗೆ ತಿಳಿಯಲಿಲ್ಲ. ಅದೇ ನಿಮ್ಮ ಕೊನೆಯ ಮಾತು.

ವೈಕುಂಠ ಸಮಾರಾಧನೆಯ ಊಟ ಮುಗಿಸಿ, ನಿಮ್ಮ ಮೈದುನ ದತ್ತಾತ್ರೇಯ ಮಾವನವರು ನೌಕರಿ ಬಿಟ್ಟು ಗುಲಬರ್ಗಾಕ್ಕೆ ಬಾ ಎಂದರು. "ಒಬ್ಬಾಕಿ ಹೆಂಗಿರ್ತಿ?" ಎಂದರು. "ನಾಳೆ ಡ್ಯೂಟಿ ಅದರಿ" ಎಂದೆ. ಅವರು ಮುಖ ಕೊಟ್ಟು ಮಾತಾಡದೆ ರೈಲು ಹತ್ತಿದರು.

ನಿನ್ನೆ ಕೋಠಿಗೆ ಒಬ್ಬಳೇ ಹೋಗಿದ್ದೆ. ನಿಮ್ಮ ಬಗ್ಗೆಯೇ ಮಾತಾಡಿದೆ. ಡಾಕ್ಟರು, ಹತ್ತೊಂಬತ್ತನೇ ವಯಸ್ಸಿನಲ್ಲಿ ನೀವು ಹೇಗಿದ್ದಿರೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಿಮ್ಮ ಕೂದಲು ಎಷ್ಟು ಉದ್ದವಿತ್ತೆಂದು ಬಲ್ಲವರು ಈ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.

ಅಲ್ಲಿ ಯಾರಾದರೂ ಕೇಳಿದರೆ, ಈ ಸಲ ಹೇಳಿಬಿಡಿ ಅತ್ತೆ. ಅಡುಗೆ ನಾನು ಮಾಡಿಕೊಳ್ಳುತ್ತೇನೆ.

ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ನಿಮ್ಮ ಜೀವ ತಣ್ಣಗಿರಲಿ.

ನಿಮ್ಮ ಸೊಸೆ,
ಸುಭದ್ರಾ